ಇಂಗ್ಲೆಂಡಿನ ಹಳ್ಳಿ ಕಡೆ ಇದ್ದೀರಾ? ಕೌನ್ಸಿಲ್ ಎಲೆಕ್ಷನ್‌ಗೆ ವೋಟ್ ಹಾಕೋದು ಹೇಗೆ, ನಿಲ್ಲೋದು ಹೇಗೆ

ಲಂಡನ್ ಬಿಟ್ಟು ಸಫೋಕ್, ಡೆವನ್, ಲಿಂಕನ್‌ಶೈರ್ ಕಡೆ ಸಣ್ಣ ಸಣ್ಣ ಊರುಗಳಲ್ಲೂ ಈಗ ನಮ್ಮೋರು ಸಿಗ್ತಾರೆ, ಆಸ್ಪತ್ರೆ ಕೆಲಸ, ಕೇರ್ ಹೋಮ್ ಕೆಲಸ, ಮನೇಲೇ ಕೂತು ಮಾಡೋ ಐಟಿ ಕೆಲಸ ಅಂತ ಬಂದೋರು. ಮೇ ತಿಂಗಳು ಹತ್ರ ಬರ್ತಿದ್ದ ಹಾಗೆ ಬಾಗಿಲ ಸಂದಿಯಿಂದ ಎಲೆಕ್ಷನ್ ಪಾಂಪ್ಲೆಟ್ ಬಿದ್ರೆ ಸೀದಾ ರೀಸೈಕಲ್ ಬಿನ್ನಿಗೆ ಹಾಕ್ತಾರೆ, ಯಾಕಂದ್ರೆ "ನಮ್ದಿನ್ನೂ ಇಂಡಿಯನ್ ಪಾಸ್‌ಪೋರ್ಟು, ನಮಗೆಲ್ಲಿ ವೋಟು" ಅನ್ನೋ ನಂಬಿಕೆ. ಇದು ತಪ್ಪು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ 18 ತುಂಬಿದ, ಇಲ್ಲಿ ವಾಸ ಮಾಡ್ತಿರೋ, ಯಾವುದೋ ಒಂದು ವ್ಯಾಲಿಡ್ ವೀಸಾ ಇರೋ ಭಾರತೀಯರಿಗೆ ಇಲ್ಲಿನ ಎಲ್ಲಾ ಎಲೆಕ್ಷನ್‌ಗಳಲ್ಲೂ ಮತ ಇದೆ. ವರ್ಕ್ ವೀಸಾ, ಸ್ಟೂಡೆಂಟ್ ವೀಸಾ, ಡಿಪೆಂಡೆಂಟ್ ವೀಸಾ, ಯಾವುದಾದ್ರೂ ನಡೆಯುತ್ತೆ. ಇದರಿಂದ ನಿಮ್ಮ ಭಾರತೀಯ ಪೌರತ್ವಕ್ಕೆ ಏನೂ ಆಗಲ್ಲ. ತಮಾಷೆ ಅಂದ್ರೆ ಹೋದ ವರ್ಷ ಜರ್ಮನಿಯಿಂದ ಬಂದ ಪಕ್ಕದ ಮನೆಯವರಿಗೆ ಬ್ರೆಕ್ಸಿಟ್ ಆದ್ಮೇಲೆ ಈ ಕೌನ್ಸಿಲ್ ವೋಟು ಇಲ್ಲ, ಹಾಸನದಿಂದ ಬಂದ ನಿಮಗಿದೆ.

ಒಂದು ವೋಟಿಂದ ಏನಾಗುತ್ತೆ ಅನ್ನೋರಿಗೆ ಲೆಕ್ಕ ಹೇಳ್ತೀನಿ. ಸಫೋಕ್‌ನ ಮಿಡ್ ಸಫೋಕ್ ಡಿಸ್ಟ್ರಿಕ್ಟ್ ತಗೊಳ್ಳಿ, ಸ್ಟೋಮಾರ್ಕೆಟ್, ನೀಡಮ್ ಮಾರ್ಕೆಟ್, ಐ ಅನ್ನೋ ಮೂರು ಚಿಕ್ಕ ಪೇಟೆ, ಉಳಿದಿದ್ದೆಲ್ಲಾ ಹೊಲ, ಹಳ್ಳಿ, ಚರ್ಚು. ಒಟ್ಟು ಒಂದು ಲಕ್ಷ ಚಿಲ್ಲರೆ ಜನ, 34 ಕೌನ್ಸಿಲರ್‌ಗಳು, ಅಂದ್ರೆ ಸುಮಾರು 3,000 ಜನಕ್ಕೆ ಒಬ್ಬರು, ಅದರಲ್ಲಿ ಮಕ್ಕಳನ್ನ ಕಳೀರಿ, ಮತ್ತೆ ಈ ದೇಶದಲ್ಲಿ ಲೋಕಲ್ ಎಲೆಕ್ಷನ್‌ಗೆ ಸಾಮಾನ್ಯವಾಗಿ ಮೂರರಲ್ಲಿ ಒಬ್ಬರು ಬಂದ್ರೆ ಅದೇ ಹೆಚ್ಚು, ಹಾಗಾಗಿ ಕೆಲವು ನೂರು ಮತಗಳಲ್ಲಿ ಸೀಟು ತೀರ್ಮಾನ ಆಗಿಹೋಗುತ್ತೆ. 2023ರ ಮೇನಲ್ಲಿ ಇದೇ ಮಿಡ್ ಸಫೋಕ್‌ನಲ್ಲಿ ಗ್ರೀನ್ ಪಾರ್ಟಿ 34ರಲ್ಲಿ 24 ಸೀಟು ಗೆದ್ದು ಬ್ರಿಟನ್ನಿನಲ್ಲೇ ಮೊದಲ ಸಲ ಒಂದು ಕೌನ್ಸಿಲ್‌ನಲ್ಲಿ ಸ್ವಂತ ಬಹುಮತ ತಗೊಂಡ್ತು. ಟೋರಿಗಳ, ಅಂದ್ರೆ ಕನ್ಸರ್ವೇಟಿವ್ ಪಾರ್ಟಿಯವರ, ಕೋಟೆ ಅನ್ಕೊಂಡಿದ್ದ ಜಾಗ ಅದು.

ಇನ್ನೂ ಬೇಕಾ? 2017ರಲ್ಲಿ ನಾರ್ಥಂಬರ್ಲ್ಯಾಂಡ್ ಕೌಂಟಿಯ ಸೌತ್ ಬ್ಲೈತ್ ವಾರ್ಡಲ್ಲಿ ಇಬ್ಬರಿಗೆ ಸರಿಸಮ ಮತ ಬಿತ್ತು, ಮರುಎಣಿಕೆ ಮಾಡಿದ್ರೂ ಸಮ. ಕಾನೂನು ಪ್ರಕಾರ ಚೀಟಿ ಎತ್ತೋ ಥರ ಏನಾದ್ರೂ ಮಾಡಿ ತೀರ್ಮಾನ ಮಾಡ್ಬೇಕು, ಅಲ್ಲಿ ಕಡ್ಡಿ ಎಳೆಸಿದ್ರು. ಗಿಡ್ಡ ಕಡ್ಡಿ ಬಂದ ಕನ್ಸರ್ವೇಟಿವ್ ಅಭ್ಯರ್ಥಿ ಸೋತ್ರು, ಜೊತೆಗೆ ಅವರ ಪಾರ್ಟಿ 67ರಲ್ಲಿ 33ಕ್ಕೆ ನಿಂತು ಒಂದೇ ಒಂದು ಸೀಟಲ್ಲಿ ಬಹುಮತ ಕಳ್ಕೊಂಡ್ತು.

ಮೊದಲು ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೀರಿ

ನೀವು ಯಾವ ಕೌನ್ಸಿಲ್ ಕೆಳಗೆ ಬರ್ತೀರ ಅಂತ ತಿಳ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ಕಾಗದ ಇಲ್ಲ. ಬಿಲ್ ಕಳ್ಸೋದು ಡಿಸ್ಟ್ರಿಕ್ಟ್ ಕೌನ್ಸಿಲ್, ಆದ್ರೆ ಒಳಗೆ ನೋಡಿದ್ರೆ ದುಡ್ಡು ಹಂಚಿಕೆ ಆಗಿರುತ್ತೆ, ದೊಡ್ಡ ಪಾಲು ಕೌಂಟಿಗೆ, ಒಂದಿಷ್ಟು ಪೊಲೀಸಿಗೆ, ಒಂದಿಷ್ಟು ಡಿಸ್ಟ್ರಿಕ್ಟಿಗೆ, ಕೊನೇಲಿ ಚಿಕ್ಕದೊಂದು ಮೊತ್ತ ನಿಮ್ಮ ಪ್ಯಾರಿಷ್ ಹೆಸರಲ್ಲಿ. ನಮ್ಮ ಗ್ರಾಮ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಇದ್ದ ಹಾಗೆ ಪ್ಯಾರಿಷ್, ಡಿಸ್ಟ್ರಿಕ್ಟ್, ಕೌಂಟಿ ಅಂತ ಇಟ್ಕೊಳ್ಳಿ. ಕಸ ಎತ್ತೋದು, ಮನೆ ಕಟ್ಟೋಕೆ ಪರ್ಮಿಷನ್, ಕೌನ್ಸಿಲ್ ಮನೆಗಳು, ಈಜುಕೊಳ ಇವೆಲ್ಲಾ ಡಿಸ್ಟ್ರಿಕ್ಟ್. ರಸ್ತೆ, ಸ್ಕೂಲು, ಲೈಬ್ರರಿ, ವಯಸ್ಸಾದವರ ಆರೈಕೆ ಕೌಂಟಿ. ಬಸ್ ಶೆಲ್ಟರು, ಮಕ್ಕಳ ಆಟದ ಜಾಗ, ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡೋ ಅಲಾಟ್‌ಮೆಂಟು, ಸ್ಮಶಾನ, ಇಂಥವು ಪ್ಯಾರಿಷ್. ಇದು ಗೊತ್ತಿಲ್ದೆ ಜನ ರಸ್ತೆ ಗುಂಡಿಗೆ ಡಿಸ್ಟ್ರಿಕ್ಟ್ ಕೌನ್ಸಿಲರ್‌ನ ಹಿಡ್ಕೊಂಡು ಬೈತಿರ್ತಾರೆ, ಪಾಪ ಅವರ ಕೈಲಿ ಏನೂ ಇರಲ್ಲ. ಹಳ್ಳಿ ಕಡೆ ನಿಜವಾದ ಜಗಳ ಇರೋದು ಪ್ಲಾನಿಂಗ್ ವಿಷಯದಲ್ಲಿ, ಊರಾಚೆ ಹೊಲದಲ್ಲಿ 200 ಮನೆ ಕಟ್ಬೇಕಾ ಬೇಡ್ವಾ ಅನ್ನೋದು, ಬಾಡಿಗೆ ಮನೆ ಸಿಗದೆ ಒದ್ದಾಡೋ ನಮ್ಮಂಥೋರಿಗೂ ಅದರಲ್ಲಿ ಒಂದು ಮಾತಿರ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಎಲ್ಲಾ ಕಡೆ ಈ ಮೂರು ಹಂತ ಇರಲ್ಲ. ಸಾಮರ್ಸೆಟ್, ನಾರ್ತ್ ಯಾರ್ಕ್‌ಶೈರ್ ಕಡೆ 2023ರ ಏಪ್ರಿಲ್‌ನಿಂದ ಡಿಸ್ಟ್ರಿಕ್ಟ್‌ಗಳೇ ಇಲ್ಲ, ಎಲ್ಲಾ ಸೇರಿಸಿ ಒಂದೇ ಕೌನ್ಸಿಲ್ ಮಾಡಿದ್ದಾರೆ. ಉಳಿದ ಕಡೆನೂ ಹಾಗೇ ಮಾಡ್ತೀವಿ ಅಂತ 2024ರ ಡಿಸೆಂಬರ್‌ನಲ್ಲಿ ಸರ್ಕಾರ ಹೇಳಿದೆ, ಅದೇ ಕಾರಣಕ್ಕೆ 2025ರ ಮೇನಲ್ಲಿ ನಡೀಬೇಕಿದ್ದ ಸಫೋಕ್, ನಾರ್ಫೋಕ್, ಎಸೆಕ್ಸ್ ಕೌಂಟಿ ಎಲೆಕ್ಷನ್‌ಗಳು ಮುಂದಕ್ಕೆ ಹೋದ್ವು. ಮಾಮೂಲಿಗೆ ಮೇ ತಿಂಗಳ ಮೊದಲ ಗುರುವಾರ, ನಾಲ್ಕು ವರ್ಷಕ್ಕೊಂದು ಸಲ (ಕೆಲವು ಕಡೆ ನಾಲ್ಕರಲ್ಲಿ ಮೂರು ವರ್ಷ, ಸಲಕ್ಕೆ ಮೂರನೇ ಒಂದು ಭಾಗದ ಸೀಟಿಗೆ), ಆದ್ರೆ ಈಗಿನ ಪರಿಸ್ಥಿತೀಲಿ ನಿಮ್ಮ ಕೌನ್ಸಿಲ್ ವೆಬ್‌ಸೈಟಲ್ಲಿ ತಾರೀಖು ನೋಡ್ಕೊಳ್ಳೋದೇ ಸರಿ.

ಹೆಸರು ಸೇರಿಸೋದು

ಸರ್ಕಾರದ ಗವ್ ಡಾಟ್ ಯುಕೆ ಸೈಟಲ್ಲಿ ರಿಜಿಸ್ಟರ್ ಟು ವೋಟ್ ಅಂತ ಹುಡುಕಿ. ಹೆಸರು, ಹುಟ್ಟಿದ ದಿನ, ವಿಳಾಸ, ರಾಷ್ಟ್ರೀಯತೆ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇಷ್ಟೇ ಕೇಳೋದು, ಕಾಫಿ ಆರೋದ್ರೊಳಗೆ ಮುಗಿಯುತ್ತೆ. ಎನ್‌ಐ ನಂಬರ್ ಇನ್ನೂ ಬಂದಿಲ್ಲ ಅಂದ್ರೂ ಯಾಕಿಲ್ಲ ಅಂತ ಬರೆದು ಹಾಕ್ಬಹುದು, ಬೇಕಾದ್ರೆ ಅವರು ದಾಖಲೆ ಕೇಳ್ತಾರೆ. ಮತದಾನಕ್ಕೆ 12 ವರ್ಕಿಂಗ್ ಡೇ ಮುಂಚೆ ಇದು ಆಗಿರ್ಬೇಕು, ಮಧ್ಯದಲ್ಲಿ ಈಸ್ಟರ್ ರಜೆ ಬಂದ್ರೆ ಆ ದಿನಗಳು ಲೆಕ್ಕಕ್ಕಿಲ್ಲ, ಹಾಗಾಗಿ ಮಾರ್ಚಲ್ಲೇ ಮುಗಿಸಿಬಿಡಿ. ಕೊನೇಲಿ ಓಪನ್ ರಿಜಿಸ್ಟರ್‌ನಲ್ಲಿ ಹೆಸರು ಇರ್ಬೇಕಾ ಅಂತ ಒಂದು ಪ್ರಶ್ನೆ ಬರುತ್ತೆ, ಆ ಪಟ್ಟೀನ ಯಾರು ಬೇಕಾದ್ರೂ ದುಡ್ಡು ಕೊಟ್ಟು ತಗೋಬಹುದು, ಬೇಡ ಅಂತ ಟಿಕ್ ಮಾಡಿ.

ಇದರಲ್ಲಿ ಇನ್ನೊಂದು ಲಾಭ ಇದೆ, ಎಲೆಕ್ಟೋರಲ್ ರೋಲ್‌ನಲ್ಲಿ, ಅಂದ್ರೆ ಮತದಾರರ ಪಟ್ಟೀಲಿ, ಹೆಸರಿದ್ರೆ ಕ್ರೆಡಿಟ್ ಸ್ಕೋರ್‌ಗೆ ಒಳ್ಳೇದು. ಹೊಸದಾಗಿ ಬಂದು ಫೋನ್ ಕಾಂಟ್ರ್ಯಾಕ್ಟ್ ಕೂಡ ಸಿಗ್ತಿಲ್ಲ ಅಂತ ಗೋಳಾಡೋರು ಮೊದಲು ಮಾಡ್ಬೇಕಾದ್ದೇ ಇದು.

ಐಡಿ ವಿಷಯ, ಮತ್ತೆ ನಮ್ಮ ಇನಿಷಿಯಲ್ ಗಲಾಟೆ

2023ರ ಮೇ 4ರ ಕೌನ್ಸಿಲ್ ಎಲೆಕ್ಷನ್‌ನಿಂದ ಇಂಗ್ಲೆಂಡಲ್ಲಿ ಬೂತಿಗೆ ಫೋಟೋ ಐಡಿ ತರ್ಲೇಬೇಕು ಅಂತ ಆಯ್ತು, ಅದಕ್ಕೆ ಮುಂಚೆ ಹೋಗಿ ಹೆಸರು ಹೇಳಿದ್ರೆ ಸಾಕಿತ್ತು. ನಮ್ಮ ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ, ಕಾಮನ್‌ವೆಲ್ತ್ ಪಾಸ್‌ಪೋರ್ಟ್‌ಗಳೆಲ್ಲಾ ಲಿಸ್ಟಲ್ಲಿವೆ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ (ಪ್ರೊವಿಷನಲ್ ಆದ್ರೂ ಸರಿ), ಹಿರಿಯರ ಬಸ್ ಪಾಸು, ಬ್ಲೂ ಬ್ಯಾಡ್ಜು (ಅಂಗವಿಕಲರ ಪಾರ್ಕಿಂಗ್ ಕಾರ್ಡು) ಕೂಡ ಆಗುತ್ತೆ. ಅವಧಿ ಮುಗಿದಿದ್ರೂ ಪರ್ವಾಗಿಲ್ಲ, ಫೋಟೋದಲ್ಲಿ ಇರೋದು ನೀವೇ ಅಂತ ಗುರುತು ಸಿಕ್ರೆ ಸಾಕು. ಆಧಾರ್ ನಡೆಯಲ್ಲ. ಯಾವುದೂ ಇಲ್ಲ ಅಂದ್ರೆ ವೋಟರ್ ಅಥಾರಿಟಿ ಸರ್ಟಿಫಿಕೇಟ್ ಅಂತ ಒಂದನ್ನ ಫ್ರೀಯಾಗಿ ಕೊಡ್ತಾರೆ, ಮತದಾನಕ್ಕೆ ಆರು ವರ್ಕಿಂಗ್ ಡೇ ಮುಂಚೆ ಸಂಜೆ 5ರ ಒಳಗೆ ಅರ್ಜಿ ಹಾಕಿರ್ಬೇಕು.

ನಮಗೆ ತೊಂದ್ರೆ ಆಗೋದು ಹೆಸರಲ್ಲಿ. ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಉದ್ದಕ್ಕೆ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಹಾಕಿರ್ತಾರೆ, ಆಫೀಸಲ್ಲಿ ಬರೀ ಇನಿಷಿಯಲ್, ಕೆಲವರಿಗೆ ಸರ್‌ನೇಮ್ ಜಾಗಾನೇ ಖಾಲಿ, ಮದುವೆ ಆದ್ಮೇಲೆ ಬ್ಯಾಂಕಲ್ಲಿ ಗಂಡನ ಹೆಸರು ಸೇರಿರುತ್ತೆ. ರಿಜಿಸ್ಟರ್ ಮಾಡುವಾಗ ಯಾವ ಐಡಿ ತೋರಿಸ್ತೀರೋ ಅದರಲ್ಲಿ ಇರೋ ಹಾಗೇ ಹೆಸರು ಟೈಪ್ ಮಾಡಿ, ಅಷ್ಟು ಮಾಡಿದ್ರೆ ಬೂತಲ್ಲಿ ಯಾವ ತಕರಾರೂ ಬರಲ್ಲ. ಚಿಕ್ಕಪುಟ್ಟ ವ್ಯತ್ಯಾಸ ಇದ್ರೆ ಅವರೇನೂ ಹಿಡ್ಕೊಂಡು ಕೂರಲ್ಲ. ಪೂರ್ತಿ ಬೇರೆ ಇದ್ರೆ ಮ್ಯಾರೇಜ್ ಸರ್ಟಿಫಿಕೇಟ್ ಥರದ್ದು ಜೊತೆಗಿಟ್ಕೊಳ್ಳಿ.

ಆ ದಿನ ಊರಲ್ಲಿಲ್ಲದಿದ್ರೆ

ಪೋಸ್ಟಲ್ ವೋಟ್‌ಗೆ 11 ವರ್ಕಿಂಗ್ ಡೇ ಮುಂಚೆ, ಪ್ರಾಕ್ಸಿಗೆ ಆರು ವರ್ಕಿಂಗ್ ಡೇ ಮುಂಚೆ, ಎರಡೂ ಸಂಜೆ 5ರೊಳಗೆ ಅರ್ಜಿ. ಬೇಸಿಗೇಲಿ ಮದುವೆ ಮುಂಜಿ ಅಂತ ಬೆಂಗಳೂರಿಗೆ ಹೋಗೋದಿದ್ರೆ ಪೋಸ್ಟಲ್ ನಂಬ್ಕೋಬೇಡಿ, ಬ್ಯಾಲೆಟ್ ಅಲ್ಲಿಗೆ ಬಂದು ವಾಪಸ್ ಇಲ್ಲಿಗೆ ಸೇರೋ ಹೊತ್ತಿಗೆ ಎಣಿಕೆ ಮುಗಿದಿರುತ್ತೆ. ಪ್ರಾಕ್ಸಿ ಮಾಡ್ಸಿ, ಅಂದ್ರೆ ನಂಬಿಕೆ ಇರೋ ಇನ್ನೊಬ್ಬ ಮತದಾರರು ನಿಮ್ಮ ಪರವಾಗಿ ಹಾಕ್ತಾರೆ, ಅವರು ಅವರ ಐಡಿ ತಗೊಂಡು ಹೋಗ್ಬೇಕು.

ಮತದಾನದ ದಿನ

ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ರಜೆ ಏನೂ ಕೊಡಲ್ಲ. ಮನೆಗೆ ಬರೋ ಪೋಲ್ ಕಾರ್ಡಲ್ಲಿ ಬೂತ್ ಎಲ್ಲಿ ಅಂತ ಇರುತ್ತೆ, ಆ ಕಾರ್ಡ್ ಕಳೆದ್ರೂ ಚಿಂತೆ ಇಲ್ಲ. ಹಳ್ಳೀಲಿ ಬೂತ್ ಅಂದ್ರೆ ವಿಲೇಜ್ ಹಾಲು, ಚರ್ಚ್ ಪಕ್ಕದ ರೂಮು, ಕೆಲವು ಕಡೆ ಪಬ್ಬು. ಬಾಗಿಲ ಹೊರಗೆ ಪಾರ್ಟಿ ಬಣ್ಣದ ರಿಬ್ಬನ್ ಬಿಲ್ಲೆ ಸಿಗಿಸ್ಕೊಂಡು ಕುರ್ಚಿ ಹಾಕಿ ಕೂತಿರೋರು ನಿಮ್ಮ ನಂಬರ್ ಕೇಳಿದ್ರೆ ಗಾಬರಿ ಬೀಳ್ಬೇಡಿ, ಅವರು ಟೆಲ್ಲರ್‌ಗಳು, ತಮ್ಮ ಕಡೆಯೋರು ಯಾರ್ಯಾರು ಬಂದ್ರು ಅಂತ ಲೆಕ್ಕ ಇಡ್ತಾರೆ, ಹೇಳ್ಲೇಬೇಕು ಅಂತೇನಿಲ್ಲ. ಒಳಗೆ ನೆಲದ ಮೇಲೆ ಬ್ಯಾಡ್ಮಿಂಟನ್ ಕೋರ್ಟಿನ ಗೆರೆ, ಅದರ ಮಧ್ಯ ಒಂದು ಮೇಜು, ಮೇಜಿನ ಹಿಂದೆ ಇಬ್ಬರು ಗುಮಾಸ್ತರು, ಒಬ್ಬರು ಸ್ಕೇಲ್ ಇಟ್ಟು ಪಟ್ಟೀಲಿ ನಿಮ್ಮ ಹೆಸರಿನ ಮೇಲೆ ನೀಟಾಗಿ ಗೆರೆ ಎಳೀತಾರೆ, ಇನ್ನೊಬ್ಬರು ಬ್ಯಾಲೆಟ್ ಪೇಪರ್ ಹರಿದು ಕೊಡ್ತಾರೆ. ಬೆರಳಿಗೆ ಶಾಯಿ ಇಲ್ಲ, ಮಷೀನ್ ಇಲ್ಲ, ನೋಟಾನೂ ಇಲ್ಲ. ಮೂಲೇಲಿ ಹಲಗೆ ಮರೆ, ಅಲ್ಲಿ ದಾರ ಕಟ್ಟಿದ ಪೆನ್ಸಿಲ್ಲು, ನಂಬಿಕೆ ಇಲ್ಲದಿದ್ರೆ ನಿಮ್ಮ ಪೆನ್ನೇ ಬಳಸಿ.

ಪೇಪರ್ ಮೇಲ್ಗಡೆ ಎಷ್ಟು ಜನಕ್ಕೆ ಹಾಕ್ಬಹುದು ಅಂತ ಬರೆದಿರುತ್ತೆ, ಅದನ್ನ ಮೊದಲು ಓದಿ. ಎಷ್ಟೋ ವಾರ್ಡಲ್ಲಿ ಇಬ್ಬರು ಮೂವರು ಕೌನ್ಸಿಲರ್ ಇರ್ತಾರೆ, ಇಬ್ಬರ ಸೀಟಿದ್ರೆ ಎರಡು ಇಂಟು ಮಾರ್ಕ್ ಹಾಕ್ಬಹುದು, ಒಂದೇ ಹಾಕಿದ್ರೂ ಸರಿ, ಮೂರು ಹಾಕಿದ್ರೆ ಪೂರ್ತಿ ಹೋಯ್ತು. ತಪ್ಪಾಗಿ ಗೀಚಿದ್ರೆ ಡಬ್ಬಕ್ಕೆ ಹಾಕೋ ಮುಂಚೆ ವಾಪಸ್ ಕೊಡಿ, ಹೊಸದು ಕೊಡ್ತಾರೆ. ರಾತ್ರಿ 10ಕ್ಕೆ ಕ್ಯೂನಲ್ಲಿ ನಿಂತಿದ್ರೆ ಹಾಕೋಕೆ ಬಿಡ್ಲೇಬೇಕು.

ನಿಲ್ಲೋ ಮನಸ್ಸಿದ್ರೆ

ಇಲ್ಲಿ ಮಾತ್ರ ವೀಸಾ ಅಡ್ಡ ಬರುತ್ತೆ. ಅಭ್ಯರ್ಥಿ ಆಗೋಕೆ ವರ್ಕ್ ವೀಸಾ ಸಾಲದು, ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರೋಕೆ ಕೊಡೋ ಅನುಮತಿ) ಇರ್ಬೇಕು ಇಲ್ಲಾ ಬ್ರಿಟಿಷ್ ಪಾಸ್‌ಪೋರ್ಟ್. ಅದಿದ್ರೆ ಉಳಿದಿದ್ದು ನೀವು ಅನ್ಕೊಂಡಷ್ಟು ಕಷ್ಟ ಇಲ್ಲ, ಆ ಪ್ರದೇಶದ ಮತದಾರರಾಗಿರ್ಬೇಕು ಅಥವಾ 12 ತಿಂಗಳಿಂದ ಅಲ್ಲಿ ವಾಸವೋ ಕೆಲಸವೋ ಇರ್ಬೇಕು, ನಾಮಿನೇಷನ್‌ಗೆ ವಾರ್ಡಿನ ಇಬ್ಬರು ಮತದಾರರ ಸಹಿ, ಠೇವಣಿ ಒಂದು ಪೆನ್ನಿ ಇಲ್ಲ (ಎಂಪಿ ಆಗೋಕೆ 500 ಪೌಂಡ್ ಕಟ್ಬೇಕು). ಫಾರ್ಮನ್ನ ಕೈಯಾರೆ ತಗೊಂಡೋಗಿ ಕೊಡ್ಬೇಕು, 19 ವರ್ಕಿಂಗ್ ಡೇ ಮುಂಚೆ ಸಂಜೆ 4 ಗಂಟೆ ಕೊನೆ, ನಾಲ್ಕೂ ಐದಕ್ಕೆ ಹೋದ್ರೆ ಕಥೆ ಮುಗೀತು. ಇನ್ನೊಂದು ತಮಾಷೆ, ಮಿಡ್ ಸಫೋಕ್‌ನ ಆಫೀಸು ಮಿಡ್ ಸಫೋಕ್‌ನಲ್ಲೇ ಇಲ್ಲ, ಪಕ್ಕದ ಇಪ್ಸ್‌ವಿಚ್ ಊರಲ್ಲಿದೆ, ಹಾಗಾಗಿ ಎಲ್ಲಿಗೆ ಹೋಗ್ಬೇಕು ಅಂತ ಮೊದಲೇ ಕೇಳ್ಕೊಳ್ಳಿ. ಅದೇ ಕೌನ್ಸಿಲ್‌ನಲ್ಲಿ ನೌಕರಿ ಮಾಡೋರು ನಿಲ್ಲಂಗಿಲ್ಲ. ಪಾಂಪ್ಲೆಟ್ ಮೇಲೆ ಯಾರು ಪ್ರಿಂಟ್ ಮಾಡಿದ್ದು, ಯಾರ ಪರವಾಗಿ ಅಂತ ಹೆಸರು ವಿಳಾಸ ಹಾಕ್ಲೇಬೇಕು, ಖರ್ಚಿಗೆ ಮಿತಿ ಇದೆ, ಲೆಕ್ಕ ಆಮೇಲೆ ಒಪ್ಪಿಸ್ಬೇಕು. ನಮ್ಮೋರು ಯಾರೂ ಮಾಡಿಲ್ಲ ಅನ್ನಂಗಿಲ್ಲ, ಕಲಬುರಗಿ ಕಡೆಯ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ ಮೇಯರ್ ಕೂಡ ಆಗಿದ್ರು, ಥೇಮ್ಸ್ ದಂಡೆ ಮೇಲಿನ ಬಸವಣ್ಣನ ಪ್ರತಿಮೆ ಹಿಂದೆ ಇದ್ದೋರು ಅವರೇ. ಅದು ಸಿಟಿ ಮಾತು, ಹಳ್ಳಿ ಕಡೆ ಬಾಗಿಲು ಬಾಗಿಲು ತಟ್ಟೋದೇ ಪ್ರಚಾರ, ಮಳೇಲಿ ನಡೆಯೋಕೆ ಒಳ್ಳೇ ಶೂ ಬೇಕು, ನಾಯಿ ಇರೋ ಮನೆಯ ಲೆಟರ್ ಬಾಕ್ಸಿಗೆ ಬೆರಳು ಪೂರ್ತಿ ಹಾಕ್ಬೇಡಿ.

ಇಷ್ಟೆಲ್ಲಾ ಆಗಲ್ಲ ಅಂದ್ರೆ ಪ್ಯಾರಿಷ್ ಕೌನ್ಸಿಲ್ ನೋಡಿ. ಬಹಳ ಹಳ್ಳಿಗಳಲ್ಲಿ ಸೀಟಿನಷ್ಟು ಜನಾನೇ ನಿಲ್ಲಲ್ಲ, ಆಗ ಮತದಾನಾನೇ ಇಲ್ಲ, ನಿಂತೋರೆಲ್ಲಾ ಗೆದ್ದ ಹಾಗೆ, ಖಾಲಿ ಉಳಿದ ಸೀಟಿಗೆ ಕೌನ್ಸಿಲ್ಲೇ ಯಾರನ್ನಾದ್ರೂ ಸೇರಿಸ್ಕೊಳ್ಳುತ್ತೆ. ಬಸ್ ಸ್ಟಾಪ್ ಹತ್ರ ಗಾಜಿನ ನೋಟಿಸ್ ಬೋರ್ಡಲ್ಲಿ ಖಾಲಿ ಸೀಟಿನ ಪ್ರಕಟಣೆ ಅಂಟಿಸಿರ್ತಾರೆ, ಕ್ಲರ್ಕ್ ಈಮೇಲ್ ಅದರಲ್ಲೇ ಇರುತ್ತೆ. ಮೀಟಿಂಗಿಗೆ ಯಾರು ಬೇಕಾದ್ರೂ ಹೋಗಿ ಕೂರ್ಬಹುದು, ಎರಡು ಸಲ ಹೋಗಿ ನೋಡಿ ಆಮೇಲೆ ತೀರ್ಮಾನ ಮಾಡಿ.

ಇನ್ನೊಂದು ವಿಷಯ, ಮನೆ ಬದಲಾಯಿಸಿದ್ರೆ ನಿಮ್ಮ ವೋಟು ತಾನಾಗೇ ಹೊಸ ವಿಳಾಸಕ್ಕೆ ಬರಲ್ಲ. ಅದೇ ಬೀದೀಲಿ ನಾಲ್ಕು ಮನೆ ಆಚೆ ಹೋದ್ರೂ ಮತ್ತೆ ರಿಜಿಸ್ಟರ್ ಮಾಡ್ಬೇಕು.