ರೋಮ್‌ನ ‘ಟೈಪ್‌ರೈಟರ್’ ಕೊನೆಗೂ ಕ್ಯಾಮೆರಾಕ್ಕೆ ಸಿಕ್ಕಿತು

ವಿಟ್ಟೋರಿಯಾನೊ ಅನ್ನುವ ದೊಡ್ಡ ಬಿಳಿ ಸ್ಮಾರಕದ ಫೋಟೋಗಾಗಿ ಮೂರನೇ ಸಲ ರೋಮ್‌ಗೆ ಹೊರಟಾಗ ಕ್ಯಾಮೆರಾ ಗೆಳೆಯರು ನಕ್ಕಿದ್ದೇ ನಕ್ಕಿದ್ದು. “ಕೊಲೋಸಿಯಂ ಬಿಟ್ಟು ಆ ಬಿಳಿ ಗುಡ್ಡೆಗೆ ಯಾಕಪ್ಪಾ ದುಡ್ಡು ಸುರೀತೀಯ? ಎಷ್ಟು ಸಲ ತೆಗೆದರೂ ಅದು ಪೋಸ್ಟ್‌ಕಾರ್ಡೇ” ಅಂದರು. ಈಗ ಆ ಫೋಟೋದ ಪ್ರಿಂಟ್ ಅವರಲ್ಲೇ ಇಬ್ಬರ ಮನೆ ಗೋಡೆ ಮೇಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರೋಮ್‌ನವರಿಗೇ ಅದರ ಮೇಲೆ ಪ್ರೀತಿ ಅಷ್ಟಕ್ಕಷ್ಟೇ. ಟೈಪ್‌ರೈಟರ್, ಮದುವೆ ಕೇಕ್, ಹಲ್ಲುಸೆಟ್ಟು, ಹೀಗೆ ಅಡ್ಡಹೆಸರು ಬೇಕಾದಷ್ಟಿವೆ. ಏಕೀಕೃತ ಇಟಲಿಯ ಮೊದಲ ರಾಜನ ನೆನಪಿಗೆ 1885ರಲ್ಲಿ ಕೆಲಸ ಶುರುವಾಯಿತು. ಜಾಗ ಮಾಡಲು ಕ್ಯಾಪಿಟೊಲೈನ್ ಬೆಟ್ಟದ ಮಗ್ಗುಲಲ್ಲಿದ್ದ ಹಳೇ ಕೇರಿ, ಮೂರನೇ ಪಾಲ್ ಪೋಪನ ಗೋಪುರ, ಆರಾಚೇಲಿ ಮಠದ ಒಂದಷ್ಟು ಭಾಗ ಎಲ್ಲ ನೆಲಸಮವಾದವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಫೋಟೋ ತೆಗೆಯುವ ನಮ್ಮ ತಲೆನೋವು ಬೇರೆ. ಸುತ್ತಲಿನ ಊರೆಲ್ಲ ಕಾವಿ, ಇಟ್ಟಿಗೆ, ಜೇನು ಬಣ್ಣ. ಇದೊಂದು ಮಾತ್ರ ಬ್ರೆಷಿಯಾ ಕಡೆಯಿಂದ ತಂದ ಬೊತ್ತಿಚಿನೊ ಅಮೃತಶಿಲೆ, ಇಸ್ತ್ರಿ ಮಾಡಿದ ಪಂಚೆಯ ಹಾಗೆ ಬೆಳ್ಳಗೆ. ಅದಕ್ಕೆ ತಕ್ಕ ಎಕ್ಸ್‌ಪೋಶರ್ (ಕ್ಯಾಮೆರಾದೊಳಕ್ಕೆ ಬಿಡುವ ಬೆಳಕು) ಹಾಕಿದರೆ ಊರು ಕಪ್ಪು, ಊರಿಗೆ ಹಾಕಿದರೆ ಇದು ಸುಣ್ಣ.

ಮೊದಲ ಸೋಲು 2017ರ ನವೆಂಬರ್. ಟಿಕೆಟ್ ಅಗ್ಗ ಅಂತ ಆಗ ಹೋದೆ. ಒಂದು ವಿಷಯ ನೋಡಿಕೊಂಡೇ ಇರಲಿಲ್ಲ: ಕಟ್ಟಡದ ಮುಖ ಉತ್ತರಕ್ಕೆ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ಅದರ ಬೆನ್ನಿಗೇ ಇರುತ್ತಾನೆ. ನಾಲ್ಕು ದಿನ, ಸಾವಿರದ ಹತ್ತಿರ ಫ್ರೇಮ್. ಎಲ್ಲದರಲ್ಲೂ ಬೂದು ಗೋಡೆ, ಹಿಂದೆ ಉರಿಯುವ ಆಕಾಶ. ರೂಮು, ಊಟ, ವಿಮಾನ ಸೇರಿ ತೊಂಬತ್ತು ಸಾವಿರದ ಮೇಲೆ ಹೋಯಿತು. ಒಂದು ಫೋಟೋ ಉಳಿಯಲಿಲ್ಲ.

2019ರ ಜೂನ್‌ನಲ್ಲಿ ಹತ್ತಿರದಿಂದ ಪ್ರಯತ್ನ. ಮೆಟ್ಟಿಲ ಮೇಲೆ ಟ್ರೈಪಾಡ್ ಕಾಲು ಬಿಚ್ಚಿದೆ, ಕಾವಲುಗಾರನ ಸೀಟಿ. ಕಾಲು ನೋವು ಅಂತ ಕುಳಿತೆ, ಮತ್ತೆ ಸೀಟಿ. ಅಲ್ಲಿ ಕೂರುವಂತಿಲ್ಲ. ಮೇಲೆ ಅಜ್ಞಾತ ಯೋಧನ ಸಮಾಧಿ ಇದೆ, 1921ರಿಂದ. ಇಬ್ಬರು ಸೈನಿಕರು ಅಲುಗದೆ ನಿಂತಿರುತ್ತಾರೆ, ಹಾಗಾಗಿ ಸೀಟಿ ನ್ಯಾಯವೇ ಅನ್ನಿ. ಗಾಜಿನ ಲಿಫ್ಟ್‌ನಲ್ಲಿ ತುದಿಗೂ ಹೋದೆ. ಆಗ ಹತ್ತು ಯೂರೋ ಇರಬೇಕು, ಈಗ ಇನ್ನೂ ಜಾಸ್ತಿ. ಛಾವಣಿ ಮೇಲಿನ ಕಂಚಿನ ರಥಗಳ ಪಕ್ಕದಿಂದ ಹಳೇ ರೋಮ್‌ನ ಅವಶೇಷಗಳಿರುವ ಫೋರಮ್, ಕೊಲೋಸಿಯಂ, ಪ್ಯಾಂಥಿಯನ್ ಗುಮ್ಮಟ ಎಲ್ಲ ಚೆನ್ನಾಗಿ ಕಂಡವು. ಆದರೆ ದುಡ್ಡು ಕೊಟ್ಟು ಹತ್ತಿದರೆ ಫ್ರೇಮ್‌ನಲ್ಲಿ ಇರಬೇಕಾದ ಕಟ್ಟಡವೇ ಇರುವುದಿಲ್ಲ! ಫೋಟೋಗಾಗಿ ಹೋಗುವವರು ಆ ದುಡ್ಡನ್ನು ಲೆನ್ಸ್ ಬಾಡಿಗೆಗೆ ಇಟ್ಟುಕೊಳ್ಳಿ. ಕೆಳಗಿನ ಟೆರೇಸ್‌ಗಳಿಗೆ ಹೇಗೂ ಟಿಕೆಟ್ ಇಲ್ಲ.

ಆ ಸಲ ಒಂದು ಮಧ್ಯಾಹ್ನ ಪೂರ್ತಿ ಕುದುರೆಗೆ ಹೋಯಿತು. ರಾಜ ಕೂತಿರುವ ಕಂಚಿನ ಕುದುರೆ ಹನ್ನೆರಡು ಮೀಟರ್ ಎತ್ತರ. 1911ರಲ್ಲಿ ಉದ್ಘಾಟನೆಗೆ ಮುಂಚೆ ಅದರ ಹೊಟ್ಟೆಯೊಳಗೆ ಮೇಜು ಹಾಕಿ ಇಪ್ಪತ್ತರಷ್ಟು ಜನ ಕೂತು ಕುಡಿದಿದ್ದರು, ಅದರ ಹಳೇ ಫೋಟೋ ಇದೆ. ಆ ಅಳತೆ ತೋರಿಸಬೇಕು ಅಂತ ಕಾವಲುಗಾರನ ಟೋಪಿ ಮತ್ತು ಕುದುರೆಯ ಗೊರಸು ಒಂದೇ ಫ್ರೇಮ್‌ಗೆ ಬರುವ ಹಾಗೆ ಒದ್ದಾಡಿದೆ. ಬರಲಿಲ್ಲ. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಹಾಕಿದೆ, ಆಕಾಶ ಅರ್ಧ ನೀಲಿ ಅರ್ಧ ಕಪ್ಪಾಗಿ ಸೀರೆ ಅಂಚಿನ ಹಾಗೆ ಬಂತು. ಅದನ್ನು ಚೀಲಕ್ಕೆ ಹಾಕಿದವನು ಇನ್ನೂ ತೆಗೆದಿಲ್ಲ.

ದಾರಿ ಸಿಕ್ಕಿದ್ದು ಅದೇ ಪ್ರವಾಸದ ಕೊನೇ ಸಂಜೆ. ಸುಮ್ನೆ ಊರಿನ ಉತ್ತರಕ್ಕಿರುವ ಪಿಂಚೊ ಗುಡ್ಡದ ಟೆರೇಸ್‌ಗೆ ಹೋಗಿದ್ದೆ. ಅಲ್ಲಿಂದ ಕಟ್ಟಡ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ದೂರ, ಬಹುತೇಕ ನೇರ ಎದುರಿಗೆ. ಜೂನ್‌ನಲ್ಲಿ ಸೂರ್ಯ ವಾಯವ್ಯಕ್ಕೆ ಸರಿದು ಮುಳುಗುತ್ತಾನಲ್ವಾ, ಬಿಸಿಲು ಕೊನೆಗೆ ಆ ಉತ್ತರದ ಮುಖಕ್ಕೆ ಓರೆಯಾಗಿ ಬೀಳುತ್ತದೆ. ಬರಿಗಣ್ಣಿಗೇ ಕಂಡಿತು: ಬಿಳಿ ಕಲ್ಲು ಸುತ್ತಲಿನ ಮನೆಗಳ ಬಣ್ಣಕ್ಕೇ ತಿರುಗಿತು. ಎಂಟು ಹತ್ತು ನಿಮಿಷ, ಅಷ್ಟೇ. ಆ ಹೊತ್ತಿನಲ್ಲಿ ಅದು ಆ ಊರಿನದೇ ಅನ್ನಿಸುತ್ತದೆ. ನನ್ನ ಹತ್ತಿರ ಇದ್ದಿದ್ದು 35 ಎಂ.ಎಂ. ಲೆನ್ಸ್. ಫೋಟೋದಲ್ಲಿ ಕಟ್ಟಡ ಸಕ್ಕರೆ ಹರಳಿನಷ್ಟು.

ಆಮೇಲೆ ಕೊರೋನಾ, ದುಡ್ಡಿಲ್ಲ, ಐದು ವರ್ಷ ಕಳೆಯಿತು. 2024ರ ಜೂನ್‌ನಲ್ಲಿ ರೋಮ್‌ನಲ್ಲೇ ಒಂದು ಅಂಗಡಿಯಲ್ಲಿ ದೂರದ್ದನ್ನು ಹತ್ತಿರ ತರುವ 100-400 ಎಂ.ಎಂ. ಲೆನ್ಸ್ ಮೂರು ದಿನಕ್ಕೆ ಬಾಡಿಗೆಗೆ ತಗೊಂಡೆ, ಎಪ್ಪತ್ತು ಯೂರೋ ಆಸುಪಾಸು. ಲೆನ್ಸ್ ಮುಂದಿನ ನೆರಳು ಕೊಳವೆ (ಹುಡ್) ಮೇಲೆ ಗೀರಿದೆ ಅಂತ ಆಮೇಲೆ ಠೇವಣಿಯಲ್ಲಿ ಮೂವತ್ತು ಮುರಿದುಕೊಂಡರು. ಆ ಗೀರು ನನಗಿಂತ ಹಳೆಯದು. ತಗೊಳ್ಳುವಾಗಲೇ ಲೆನ್ಸ್ ಫೋಟೋ ತೆಗೆದಿಟ್ಟುಕೊಳ್ಳಿ.

ಕಟ್ಟಡದ ಎದುರಿನ ಚೌಕ ಪಿಯಾಝಾ ವೆನೇಜಿಯಾದಲ್ಲಿ ಆಗಲೇ ಮೆಟ್ರೊ ಕೆಲಸ ಶುರುವಾಗಿ ಕಟ್ಟಡದ ಮುಂದೆಲ್ಲ ಬೇಲಿ. ಹತ್ತಿರ ಹೋಗುವವರಿಗೆ ಕಷ್ಟ, ದೂರ ನಿಂತ ನನಗೆ ಅದರ ಚಿಂತೆ ಅಷ್ಟಾಗಿ ಇರಲಿಲ್ಲ. ಟ್ರೈಪಾಡ್ ಊರಲ್ಲೇ ಬಿಟ್ಟಿದ್ದೆ. ಬಟ್ಟೆ ಚೀಲಕ್ಕೆ ಒಂದು ಕಿಲೋ ಅಕ್ಕಿ ತುಂಬಿ ಪಿಂಚೊದ ಕಲ್ಲು ಕಟಕಟೆ ಮೇಲಿಟ್ಟೆ. ಲೆನ್ಸ್ ಅದರಲ್ಲಿ ಹೂತು ಕೂತಿತು. ಖರ್ಚು ಎರಡೂವರೆ ಯೂರೋ.

ಮೊದಲ ಸಂಜೆ ಸೆಕೆ. ಕಾದ ಛಾವಣಿಗಳ ಮೇಲಿನ ಗಾಳಿ ನಡುಗಿ ಕಂಬಗಳೆಲ್ಲ ನೂಡಲ್ಸ್ ಥರ. ಎರಡನೇ ಸಂಜೆ ಮೋಡ. ಮೂರನೇ ದಿನ ಮಧ್ಯಾಹ್ನ ಗುಡುಗು ಮಳೆ ಬಂದು ಗಾಳಿ ತೊಳೆದಂತಾಯಿತು. ಸೂರ್ಯಾಸ್ತ 8:45ರ ಸುಮಾರಿಗೆ. 8:25ಕ್ಕೆ ಕಂಬಗಳ ಬಲಮಗ್ಗುಲು ಹೊತ್ತಿಕೊಂಡಿತು. ಲೆನ್ಸ್ 300 ಎಂ.ಎಂ. ಹತ್ತಿರ ಇಟ್ಟು ಕಟ್ಟಡಕ್ಕೆ ಫ್ರೇಮ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟೆ, ಉಳಿದದ್ದು ಮನೆಗಳಿಗೆ. ಬೆಳಕಿನ ಅಳತೆ ಮನೆಗಳಿಗಲ್ಲ, ಕಲ್ಲಿಗೆ. ಪ್ರತಿ ನಿಮಿಷಕ್ಕೂ ಸಾಲಾಗಿ ಇಪ್ಪತ್ತಿಪ್ಪತ್ತು ಫ್ರೇಮ್. ಅವನ್ನು ಜೋಡಿಸಿ ಉಳಿದ ನಡುಕ ಹೇಗೆ ತೆಗೆದೆ, ಕಟಕಟೆಯಲ್ಲಿ ಯಾವ ಮೂಲೆ ಹಿಡಿದೆ, ಎರಡೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಲ್ಲಿಯವರೆಗೆ ಏಳು ಪ್ರಿಂಟ್ ಹೋಗಿವೆ, ಒಂದಕ್ಕೆ ನಾಲ್ಕು ಸಾವಿರದ ಹಾಗೆ. ಮೂರು ಪ್ರವಾಸದ ಖರ್ಚಿನ ಮುಂದೆ ಅದು ಏನೂ ಅಲ್ಲ, ಮನೆಯಲ್ಲಿ ಆ ಲೆಕ್ಕ ಯಾರೂ ಕೇಳದಿದ್ದರೆ ಸಾಕು.

ಹೊರಡುವ ಹಿಂದಿನ ರಾತ್ರಿ ಚೀಲದ ಅಕ್ಕಿ ತೊಳೆದು ರೂಮಿನಲ್ಲೇ ಅನ್ನಕ್ಕಿಟ್ಟೆ. ಅರ್ಬೊರಿಯೊ, ರಿಸೊಟ್ಟೊ ಮಾಡುವ ದಪ್ಪಕ್ಕಿ. ಚಿತ್ರಾನ್ನ ಮಾಡೋಣ ಅಂದುಕೊಂಡಿದ್ದೆ, ಅನ್ನ ಮುದ್ದೆಯಾಯಿತು. ಮೊಸರು ಕಲಸಿದೆ. ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು.