ಸ್ಕಾಲರ್‌ಶಿಪ್ ಟೇಬಲ್ಲಿನ ಪಕ್ಕದ ಕುರ್ಚಿ

'ಆಪ್ತಸಮಾಲೋಚನಾ ಕೇಂದ್ರ' ಎಂಬ ಬೋರ್ಡು ಇಳಿಸಿದ ಮೇಲೆಯೇ ನಮ್ಮ ಕ್ಯಾಂಪಸ್ಸಿನಲ್ಲಿ ಹುಡುಗರು ಬರಲು ಶುರು ಮಾಡಿದ್ದು. ಬಳ್ಳಾರಿಯಲ್ಲಿ ಇದೆಲ್ಲ ನಡೆಯೋದಿಲ್ಲ ಬಿಡ್ರಿ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಯ ಹಾಳೆ ಪಿಎಚ್‌ಕ್ಯೂ-9, ಆತಂಕ ಅಳೆಯುವ ಏಳು ಪ್ರಶ್ನೆಯದು ಜಿಎಡಿ-7; ಅದಕ್ಕಿಂತ ಹೆಚ್ಚಿನ ಪಾಠ ಬೇಡ.

ಮೊದಲು ದುಡ್ಡು ಹಾಳಾದ ಲೆಕ್ಕ. ಬಣ್ಣ, ಸೋಫಾ, ಪರದೆ, ಬೋರ್ಡು ಸೇರಿ 40 ಸಾವಿರದ ಹತ್ತಿರ. ಆರು ತಿಂಗಳಲ್ಲಿ ಬಂದವರು ಹತ್ತೋ ಹನ್ನೊಂದೋ. ಅದರಲ್ಲಿ ಅರ್ಧ ಮಂದಿಯನ್ನು 'ಇವನ್ನ ಸ್ವಲ್ಪ ರಿಪೇರಿ ಮಾಡ್ರಿ' ಎಂದು ಮೇಷ್ಟ್ರುಗಳೇ ತಳ್ಳಿದ್ದು. ಕೋಣೆ ಕಾರಿಡಾರಿನ ನಡುಮಧ್ಯೆ ಇತ್ತು, ಒಳಗೆ ಹೋದವನನ್ನು ಇಡೀ ಎಂಕಾಂ ಕ್ಲಾಸು ನೋಡುತ್ತಿತ್ತು. 350 ರೂಪಾಯಿಯ ಚೀಟಿ ಡಬ್ಬಿ ಇಟ್ಟರೆ ಮೆಸ್ಸಿನ ಸಾಂಬಾರಿನ ದೂರೇ ತುಂಬಿತು. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಉಪನ್ಯಾಸ, ಶಾಲು, ಹಾರ, ಊಟ ಎಂದು 12 ಸಾವಿರ. ಮರುದಿನ ಒಬ್ಬರೂ ಇಲ್ಲ.

ಎಲ್ಲಕ್ಕಿಂತ ಕೆಟ್ಟ ತಪ್ಪು, ಸುಮಾರು 200 ಮಂದಿಗೆ ಒಂದೇ ದಿನ ಪಿಎಚ್‌ಕ್ಯೂ ಹಾಳೆ ಹಂಚಿದ್ದು. ಪಕ್ಕದವನು ಇಣುಕುತ್ತಾನೆಂದು ಬಹುಪಾಲು ಮಂದಿ ಎಲ್ಲದಕ್ಕೂ ಸೊನ್ನೆ ಹಾಕಿದರು. ಆದರೂ ಸಾವಿನ ಯೋಚನೆಯನ್ನು ಕೇಳುವ ಒಂಬತ್ತನೇ ಪ್ರಶ್ನೆಗೆ ಕೆಲವರು ಗುರುತು ಮಾಡಿದ್ದರು. ಹೆಸರು ಬರೆಸಿರಲಿಲ್ಲ, ಯಾರೆಂದು ಹುಡುಕಲು ದಾರಿಯೇ ಇಲ್ಲ. ಅದೇ ದಿನ ಎಷ್ಟು ಮಂದಿಯ ಜೊತೆ ಕೂತು ಮಾತಾಡಬಲ್ಲಿರೋ ಅಷ್ಟೇ ಹಾಳೆ ಕೊಡಿ. ನನಗೆ ದಿನಕ್ಕೆ ಆರು.

ಕೈಹಿಡಿದದ್ದು ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ಲಿನ ಟೇಬಲ್ಲು. ಲೈಬ್ರರಿಯ ಮೂಲೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿಗೆ ಸಹಾಯ ಮಾಡುವ ಜಾಗ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಆದಾಯ ಪ್ರಮಾಣಪತ್ರ, ಹಣ ಬಂದಿಲ್ಲವೆಂಬ ಗೋಳು. ಅಲ್ಲಿ ಅರ್ಧ ಗಂಟೆ ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡೆ. ಅರ್ಜಿ ತುಂಬುತ್ತಲೇ ಎರಡು ಪ್ರಶ್ನೆ ಕೇಳುತ್ತೇನೆ. ಅವನ್ನು ಇಲ್ಲಿ ಬರೆಯುವುದಿಲ್ಲ, ಹುಡುಗರು ಓದಿ ಉತ್ತರ ಸಿದ್ಧ ಮಾಡಿಕೊಂಡು ಬಂದಾರು! ಬೇಕೆನಿಸಿದರೆ ನಾನು ಯಾರು, ಹಿಂಬದಿಯ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಅಲ್ಲೇ ಹೇಳಿ ಸಮಯ ಕೊಡುತ್ತೇನೆ. ಮರೆ ಇರಬೇಕಾದದ್ದು ನೋಡುವವರಿಗೆ, ಬರುವವರಿಗಲ್ಲ.

ನಮ್ಮ ಜಿಲ್ಲೆಗೆ ಇದೇನೂ ಹೊಸದಲ್ಲ. 1985ರಿಂದ 90ರವರೆಗೆ ನಿಮ್ಹಾನ್ಸ್ ಇಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತ್ತು. ಜ್ವರಕ್ಕೆ ಹೋಗುವ ಬಾಗಿಲಲ್ಲೇ ಮನಸ್ಸಿನ ಮದ್ದೂ ಸಿಗಲಿ ಎಂದು. ಅದೇ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಭೇಟಿ 25 ನಿಮಿಷ, 11ರಿಂದ 3ರೊಳಗೆ. ಅದು ದಾಟಿದರೆ ಸಿರುಗುಪ್ಪ, ಸಂಡೂರಿನ ಹುಡುಗರ ಕಣ್ಣು ಬಸ್ಸಿನ ಟೈಮಿನ ಮೇಲೆ. ಹಾಳೆಯ ವಾಕ್ಯ ತಿದ್ದಬೇಡಿ, ತಿದ್ದಿದರೆ ತೊಂದರೆ ಇರಬಹುದು ಎನ್ನುವ 10 ಅಂಕದ ಗಡಿಗೆ ಅರ್ಥ ಉಳಿಯುವುದಿಲ್ಲ. ಓದಿ ಹೇಳಿ, ಆಮೇಲೆ ಬಾಯಿಮಾತಿನಲ್ಲಿ ಬಿಡಿಸಿ. 'ಖಿನ್ನತೆ' ಅಂದರೆ ಇಲ್ಲ ಅನ್ನುವವನೇ 'ನಿದ್ದಿ ಹತ್ತವಲ್ದೇನು, ಊಟ ಸೇರವಲ್ದೇನು' ಅಂದರೆ ತಲೆ ಎತ್ತುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ನಿದ್ದೆಯ ಪ್ರಶ್ನೆಗೆ ಅಂಕ ಹಾಕುವ ಮುಂಚೆ ಎಲ್ಲಿ ಮಲಗುತ್ತೀಯ, ಫ್ಯಾನ್ ಇದೆಯೇ ಎಂದು ಕೇಳಿ. ಹಾಸ್ಟೆಲ್ಲಿನ ಕಾದ ಆರ್‌ಸಿಸಿ ಕೆಳಗೆ ಯಾರಿಗೂ ನಿದ್ದೆ ಬರುವುದಿಲ್ಲ. ಸುಸ್ತು ಎನ್ನುವ ಹುಡುಗಿಯರಿಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ.

ಒಟ್ಟು ನಾಲ್ಕು ಭೇಟಿ. ಮೊದಲನೆಯದರಲ್ಲಿ ಉಪದೇಶ ಬೇಡ. ನಿದ್ದೆ, ಊಟ, ಸಾಲ, ಬಾಕಿ ಉಳಿದ ವಿಷಯಗಳನ್ನು ಒಂದೇ ಹಾಳೆಯಲ್ಲಿ ಬರೆಸಿ. ಎರಡನೆಯದರಲ್ಲಿ ದಿನವನ್ನು ಗಂಟೆಗಂಟೆಯಾಗಿ ಗೀಟು ಹಾಕಿ ಎರಡೇ ಕೆಲಸ ತುಂಬಿ. 'ಚೆನ್ನಾಗಿ ಓದು' ಎಂದು ಬರೆದರೆ ಆಗುವುದಿಲ್ಲ, ಅವನು ಅದನ್ನೂ ಒಂದು ಸೋಲೆಂದು ಎಣಿಸಿಕೊಂಡು ಬರುತ್ತಾನೆ. '10ಕ್ಕೆ ಲೈಬ್ರರಿ, ಒಂದು ಪುಟ' ಎಂದರೆ ಆಗುತ್ತದೆ. ಮೂರನೆಯದು ಹೆಚ್ಚಾಗಿ ಇಂಗ್ಲಿಷಿಗೇ ಹೋಗುತ್ತದೆ, ಕನ್ನಡ ಮಾಧ್ಯಮದಿಂದ ಬಂದು ಎಂಎಸ್‌ಸಿ ಮಾಡುವವರ ಗೋಳೇ ಅದು. ನಾಲ್ಕನೆಯದರಲ್ಲಿ ಮತ್ತೆ ಅಂಕ. ಮೊದಲಿಗಿಂತ 5 ಅಂಕವಾದರೂ ಇಳಿಯದಿದ್ದರೆ ಮನೋವೈದ್ಯರ ಬಳಿಗೆ.

ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಏನೇ ಬಂದರೂ ಈ ಕ್ರಮವನ್ನೆಲ್ಲ ಪಕ್ಕಕ್ಕಿಡಿ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಪಾಯ ಕಂಡರೆ ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ. ಹೀಗೆ ತಿಳಿಸುತ್ತೇನೆಂದು ಮೊದಲ ಭೇಟಿಯಲ್ಲೇ ಹೇಳಿರಬೇಕು. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯಾದರೆ ಹೊಲದ ಔಷಧಿಯನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಲು ಹೇಳಿ. ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದವರಲ್ಲಿ ತಲುಪಿದವರು ಕಡಿಮೆ, ಜೊತೆಗೆ ಹೋಗಿ. ಆಟೋ 120 ರೂಪಾಯಿ, ಅದನ್ನು ಖರ್ಚಿನಲ್ಲಿ ಬರೆದುಕೊಳ್ಳಿ. ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, 14416. ನಂಬರನ್ನು ಅವನ ಮೊಬೈಲಿನಲ್ಲಿ ನಿಮ್ಮ ಎದುರೇ ಸೇವ್ ಮಾಡಿಸಿ.

ಟೇಬಲ್ಲಿಗೆ ಸಹಾಯಕರಾಗಿ ರ‍್ಯಾಂಕ್ ಹುಡುಗರನ್ನು ತೆಗೆದುಕೊಂಡಿದ್ದೆ, ಯಾರೂ ಹತ್ತಿರ ಸುಳಿಯಲಿಲ್ಲ. ಒಂದೆರಡು ವಿಷಯ ಬಾಕಿ ಇಟ್ಟುಕೊಂಡು ಪಾಸಾದವರನ್ನು ಕೂರಿಸಿದೆ, ಸಾಲು ನಿಂತಿತು. ವಾಟ್ಸಾಪ್ ಗುಂಪು ಮಾತ್ರ ಬೇಡವೇ ಬೇಡ, ಮೂರನೇ ದಿನಕ್ಕೇ ಸ್ಕ್ರೀನ್‌ಶಾಟ್ ಹೊರಗೆ ಬಿತ್ತು. ನಡೆಯುತ್ತಾ ಮಾತಾಡುವ ಪ್ರಯೋಗ ಬಿಸಿಲಿಗೆ ಸಂಜೆ ಕೆಟ್ಟಿತು, ಬೆಳಿಗ್ಗೆ ಆರೂಕಾಲಕ್ಕೆ ಒಗ್ಗಿತು.

ಈಗ ತಿಂಗಳಿಗೆ 30-35 ಮಂದಿ. ಚಹಾ, ಝೆರಾಕ್ಸ್, ಆಟೋ ಸೇರಿ ಎರಡೂವರೆ ಸಾವಿರ ದಾಟುವುದಿಲ್ಲ. ಹೆಸರಿನ ಪುಸ್ತಕ ಬೀರುವಿನಲ್ಲಿ, ರಿಜಿಸ್ಟರಿನಲ್ಲಿ ಬರೀ ನಂಬರು. ಒಂದು ತೂತು ಇನ್ನೂ ಮುಚ್ಚಿಲ್ಲ: ಸ್ಕಾಲರ್‌ಶಿಪ್ ಇಲ್ಲದವರು ಈ ಟೇಬಲ್ಲಿಗೆ ಬರುವುದೇ ಇಲ್ಲ. ಅವರಿಗಾಗಿ ಮುಂದಿನ ಸೆಮಿಸ್ಟರಿಗೆ ಬಸ್ ಪಾಸಿನ ಕೌಂಟರ್ ಪಕ್ಕ ಒಂದು ಕುರ್ಚಿ ಕೇಳಿದ್ದೇನೆ.