ಎರಡು ಕೋಣೆಯ ಮನೆ, ಅದರೊಳಗೊಂದು ಕಚೇರಿ: ಒಪ್ಪವಾಗಿ ಇಟ್ಟುಕೊಳ್ಳುವ ಬಗೆ

ಯುಗಾದಿಗೆ ಮುಂಚೆ ಒಮ್ಮೆ, ಆಯುಧಪೂಜೆಗೆ ಮುಂಚೆ ಇನ್ನೊಮ್ಮೆ ಮನೆಯನ್ನೆಲ್ಲ ಗುಡಿಸಿ, ಜೇಡರ ಬಲೆ ತೆಗೆದು, ಕಿಟಕಿ ಸರಳುಗಳನ್ನು ಒರೆಸಿ ತೊಳೆಯುವ ರೂಢಿ ನಮ್ಮಲ್ಲಿ ಬಹುತೇಕ ಎಲ್ಲ ಮನೆಗಳಲ್ಲಿಯೂ ಇದೆ. ಆದರೂ ಹಬ್ಬ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಊಟದ ಮೇಜಿನ ಮೇಲೆ ಕರೆಂಟ್ ಬಿಲ್ಲು, ಚಾರ್ಜರು, ಅರ್ಧ ಮುಗಿದ ಮಾತ್ರೆಯ ಪಟ್ಟಿ, ಮಕ್ಕಳ ಬಣ್ಣದ ಪೆನ್ಸಿಲು ಎಲ್ಲವೂ ಮತ್ತೆ ಬಂದು ಕೂತಿರುತ್ತವೆ. ಧೂಳು ತೆಗೆಯುವುದು ಒಂದು ಕೆಲಸ, ವಸ್ತುಗಳಿಗೆ ಜಾಗ ಗೊತ್ತುಮಾಡುವುದು ಇನ್ನೊಂದು ಕೆಲಸ. ಹಬ್ಬದ ಗಡಿಬಿಡಿಯಲ್ಲಿ ನಾವು ಮೊದಲನೆಯದನ್ನು ಚೊಕ್ಕವಾಗಿ ಮಾಡಿ, ಎರಡನೆಯದನ್ನು ಅಟ್ಟಕ್ಕೆ ತುರುಕಿ ಸುಮ್ಮನಾಗುತ್ತೇವೆ. ಈ ಬರಹ ಆ ಎರಡನೆಯ ಕೆಲಸವನ್ನು ಕುರಿತದ್ದು. ಬೆಂಗಳೂರಿನಂತಹ ಊರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡು, ವಾರದಲ್ಲಿ ಕೆಲವು ದಿನವಾದರೂ ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲಿಗೆ ಒಂದು ಎಚ್ಚರಿಕೆ: ಡಬ್ಬಿ, ಬುಟ್ಟಿ, ಸ್ಟ್ಯಾಂಡುಗಳನ್ನು ಕೊಳ್ಳುವುದರಿಂದ ಈ ಕೆಲಸವನ್ನು ಆರಂಭಿಸಬಾರದು. ಏನು ಉಳಿಯುತ್ತದೆ ಎಂದು ತಿಳಿಯುವ ಮುನ್ನವೇ ತಂದ ಡಬ್ಬಿಗಳು ತಾವೇ ಜಾಗ ತಿನ್ನುವ ಸಾಮಾನುಗಳಾಗುತ್ತವೆ. ಇಡೀ ಮನೆಯನ್ನು ಒಂದೇ ಭಾನುವಾರದಲ್ಲಿ ಮುಗಿಸುತ್ತೇನೆಂದು ಹೊರಡುವುದೂ ಸರಿಯಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಾಮಾನೂ ನೆಲದ ಮೇಲಿರುತ್ತದೆ, ಮಾಡುವವರಿಗೆ ಕೈಯಲ್ಲಿ ಬಲವಿರುವುದಿಲ್ಲ. ಒಂದು ಡ್ರಾಯರ್ ಅಥವಾ ಬೀರುವಿನ ಒಂದು ಅಂತಸ್ತನ್ನು ಮಾತ್ರ ಆರಿಸಿಕೊಂಡು, ಹಳೆಯ ಬೆಡ್‌ಶೀಟನ್ನು ನೆಲಕ್ಕೆ ಹಾಸಿ, ಅದರಲ್ಲಿರುವುದನ್ನೆಲ್ಲ ಅದರ ಮೇಲೆ ಸುರಿಯಬೇಕು. ಬಳಸುವಂಥದ್ದು, ಇನ್ನೊಬ್ಬರಿಗೆ ಕೊಡುವಂಥದ್ದು, ಹೊರಹಾಕುವಂಥದ್ದು ಎಂದು ಮೂರು ಗುಡ್ಡೆ ಮಾಡಿದ ಮೇಲೆ, ಯಾವುದಕ್ಕೂ ಸೇರದೆ 'ನೋಡೋಣ, ಬೇಕಾಗಬಹುದು' ಎನ್ನಿಸುವ ನಾಲ್ಕನೆಯ ಗುಡ್ಡೆಯೊಂದು ಉಳಿದೇ ಉಳಿಯುತ್ತದೆ. ಅದನ್ನು ಒಂದು ಚೀಲಕ್ಕೆ ತುಂಬಿ, ಕಟ್ಟಿ, ಮೇಲೆ ತಾರೀಖು ಬರೆದಿಟ್ಟು, ಮುಂದಿನ ದೊಡ್ಡ ಹಬ್ಬದವರೆಗೆ ಆ ಗಂಟು ಬಿಚ್ಚುವ ಪ್ರಮೇಯ ಬಾರದಿದ್ದರೆ ಒಳಗಿರುವುದನ್ನು ಕೊಟ್ಟುಬಿಡುವುದು ಒಳ್ಳೆಯದು. ಹಳೆಯ ಫೋಟೋ, ಪತ್ರ, ಲಗ್ನಪತ್ರಿಕೆಗಳಿಂದ ಮಾತ್ರ ಎಂದೂ ಶುರುಮಾಡಬೇಡಿ. ಅವನ್ನು ಕೈಗೆತ್ತಿಕೊಂಡ ಮೇಲೆ ಆ ದಿನ ಬೇರೆ ಕೆಲಸ ಸಾಗುವುದಿಲ್ಲ.

ಮನಸ್ಸಿಗೆ ಅಂಟಿಕೊಳ್ಳದ ವಸ್ತುಗಳಿಂದ ಆರಂಭಿಸಿದರೆ ಕೈ ಪಳಗುತ್ತದೆ. ಅಡುಗೆಮನೆಯ ಬಾಗಿಲ ಹಿಂದೆ ನೇತಾಡುವ, ಕವರುಗಳನ್ನೇ ತುಂಬಿದ ಕವರು ಇದಕ್ಕೆ ಅತ್ಯುತ್ತಮ. ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಸುವಷ್ಟನ್ನು ಮಾತ್ರ ಉಳಿಸಿಕೊಂಡು, ಡಬ್ಬಿ ತುಂಬಿದ ಮೇಲೆ ಬಂದದ್ದು ನೇರವಾಗಿ ಒಣ ಕಸಕ್ಕೆ ಹೋಗಬೇಕೆಂಬ ನಿಯಮ ಮಾಡಿಕೊಂಡರೆ ಸಾಕು. ತೊಳೆದಿಟ್ಟ ಐಸ್‌ಕ್ರೀಮ್ ಡಬ್ಬಿಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಮಾತ್ರೆಗಳನ್ನು ಒಂದೇ ಕಡೆಗೆ ತಂದು, ಅವಧಿ ಮುಗಿದವನ್ನು ತೆಗೆದು, ಉಳಿದವನ್ನು ಮಕ್ಕಳ ಕೈಗೆಟುಕದ ಕಡೆ ಇಡಬೇಕು; ಪಟ್ಟಿಯನ್ನು ಕತ್ತರಿಸುವಾಗ ತಾರೀಖು ಮುದ್ರಿಸಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು ಜಾಣತನ. ಸವೆದ ಹತ್ತಿಯ ಸೀರೆ, ಪಂಚೆಗಳು ಒರೆಸುವ ಬಟ್ಟೆಯಾಗಲು ಹೇಳಿಮಾಡಿಸಿದಂಥವು. ಉತ್ತರ ಕರ್ನಾಟಕದಲ್ಲಿ ಇಂಥ ಬಟ್ಟೆಗಳನ್ನೇ ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾರೆ. ಹೊಲಿಯುವವರು ಗೊತ್ತಿದ್ದರೆ ಅವರಿಗೆ ಕೊಡಬಹುದು. ಯಾರೂ ಗೊತ್ತಿಲ್ಲದೆ 'ಕೌದಿಗೆ ಆಗುತ್ತದೆ' ಎಂದು ಮೂಟೆ ಕಟ್ಟಿಡುವುದು ಅಟ್ಟ ತುಂಬಿಸುವ ಇನ್ನೊಂದು ದಾರಿಯಷ್ಟೆ.

ತೆಗೆದದ್ದು ಅದೇ ವಾರ ಮನೆಯಿಂದ ಹೊರಹೋಗಬೇಕು, ಇಲ್ಲವಾದರೆ ಅದು ಬಾಗಿಲ ಪಕ್ಕದ ಹೊಸ ರಾಶಿಯಾಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ, ಡಯಾಪರ್ ಮತ್ತು ಪ್ಯಾಡ್‌ನಂಥವುಗಳಿಗೆ ಕೆಂಪು ಎಂಬ ವಿಂಗಡಣೆ ಇದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಂಡು ಅದಕ್ಕೇ ಅಂಟಿಕೊಂಡಿರುವಂತೆ ಬಿಟ್ಟು, ಖಾಲಿಯಾದ ಮೇಲೆ ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕಿದರೆ ಬುಟ್ಟಿ ನಾರುವುದಿಲ್ಲ, ಉಗುರಿನಷ್ಟು ಪ್ಲಾಸ್ಟಿಕ್ ತುಂಡು ಸಿಂಕಿಗೂ ಚರಂಡಿಗೂ ಹೋಗುವುದಿಲ್ಲ. ಹಳೆಯ ಪತ್ರಿಕೆ, ರಟ್ಟು, ಕಬ್ಬಿಣಗಳನ್ನು ಗುಜರಿಯವರು ಒಯ್ಯುತ್ತಾರೆ. ಕೆಟ್ಟ ಫೋನು, ಪವರ್‌ಬ್ಯಾಂಕ್, ಉಬ್ಬಿದ ಬ್ಯಾಟರಿಗಳನ್ನು ಮಾತ್ರ ಯಾವ ಬುಟ್ಟಿಗೂ ಹಾಕಬಾರದು. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಅವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಾಹಕರಿಗೇ ಕೊಡಬೇಕು.

ಉಳಿದ ವಸ್ತುಗಳಿಗೆ ಜಾಗ ಗೊತ್ತುಮಾಡುವಾಗ ಅಂದಚಂದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಇದನ್ನು ಎಲ್ಲಿ ಮತ್ತು ಎಷ್ಟು ಸಲ ಬಳಸುತ್ತೇವೆ ಎಂಬುದನ್ನು. ದಿನವೂ ಬೇಕಾದದ್ದು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಒಂದೇ ಕೈಗೆ ಸಿಗುವಂತಿರಬೇಕು. ವಾರಕ್ಕೊಮ್ಮೆ ಬೇಕಾದದ್ದು ಅದರ ಕೆಳಗೆ, ವರ್ಷಕ್ಕೊಮ್ಮೆ ಬೇಕಾದ ಗೊಂಬೆ ಪೆಟ್ಟಿಗೆ, ದೊಡ್ಡ ಪಾತ್ರೆಗಳು ಅಟ್ಟದ ಮೇಲೆ. ಅಡುಗೆಮನೆಗೊಂದು, ಮೇಜಿಗೊಂದು ಎಂದು ಎರಡು ಕತ್ತರಿ ಇಟ್ಟುಕೊಳ್ಳುವುದನ್ನು ನಾನು ದುಂದು ಎನ್ನುವುದಿಲ್ಲ. ಒಂದೇ ಕತ್ತರಿಯನ್ನು ಮನೆಯೆಲ್ಲ ಹುಡುಕುವುದು ಹೆಚ್ಚಿನ ದುಂದು. ಒಮ್ಮೆ ತೊಟ್ಟು ಇನ್ನೂ ಒಗೆಯಲು ಹಾಕದ ಬಟ್ಟೆಗಳು ಎಲ್ಲ ಮನೆಗಳಲ್ಲಿಯೂ ಕುರ್ಚಿಯನ್ನೇ ಹುಡುಕಿಕೊಂಡು ಹೋಗುತ್ತವೆ, ಏಕೆಂದರೆ ಬೀರುವಿಗೂ ಒಗೆಯುವ ಬುಟ್ಟಿಗೂ ಸೇರದ ಅವುಗಳಿಗೆ ನಾವು ಜಾಗವನ್ನೇ ಕೊಟ್ಟಿರುವುದಿಲ್ಲ. ಬಾಗಿಲ ಹಿಂದೆ ಒಬ್ಬೊಬ್ಬರಿಗೆ ಎರಡೆರಡು ಕೊಕ್ಕೆ ಹಾಕಿದರೆ ಕುರ್ಚಿ ಬಿಡುವಾಗುತ್ತದೆ.

ಅಟ್ಟದ ವಿಷಯದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ನಂಬಬಾರದು. ಜಿರಳೆ ಮೊಟ್ಟೆಯಿಡಲು, ಗೆದ್ದಲು ಹತ್ತಲು ಅವು ತಕ್ಕ ಜಾಗ. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ ಅಥವಾ ಹಳೆಯ ಟ್ರಂಕು ವಾಸಿ. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಬರೆದು, ಯಾವುದರಲ್ಲಿ ಏನಿದೆ ಎಂಬ ಪಟ್ಟಿಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿಟ್ಟರೆ ಪ್ರತಿ ಸಲ ಸ್ಟೂಲು ಹತ್ತಿ ಹುಡುಕುವುದು ತಪ್ಪುತ್ತದೆ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಬೂಷ್ಟಿನ ಕಾಟ ಬೇರೆಯೇ ಇರುವುದರಿಂದ, ಬೀರುವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸುವುದು, ಬಟ್ಟೆ ಪುಸ್ತಕಗಳನ್ನು ಬಿಸಿಲು ಬಂದ ದಿನ ಗಾಳಿಗೆ ಹಾಕುವುದು ಅಗತ್ಯ.

ಕಾಗದಪತ್ರಗಳ ಕಷ್ಟ ದೊಡ್ಡದು, ಏಕೆಂದರೆ ಬೇಕಾದ ದಿನ ಸಿಗದ ಕಾಗದದಿಂದ ಆಗುವ ನಷ್ಟ ಕಳೆದುಹೋದ ಸೌಟಿನ ನಷ್ಟದಂತಲ್ಲ. ಮನೆ-ಜಮೀನು, ಹಣ-ತೆರಿಗೆ, ಆರೋಗ್ಯ, ಓದು-ಉದ್ಯೋಗ, ವಾಹನ-ಯಂತ್ರಗಳು ಎಂದು ಐದು ಫೈಲುಗಳು ಸಾಮಾನ್ಯ ಕುಟುಂಬಕ್ಕೆ ಸಾಕಾಗುತ್ತವೆ. ಕ್ರಯಪತ್ರ, ಖಾತಾ, ಋಣಭಾರ ಪ್ರಮಾಣಪತ್ರ, ಆಸ್ತಿ ತೆರಿಗೆ ರಸೀದಿಗಳನ್ನು ಎಂದೂ ಎಸೆಯುವಂತಿಲ್ಲ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದಾದ್ದರಿಂದ ಹಳೆಯ ಪ್ರತಿಗಳು ಬೇಗ ಗುಡ್ಡೆಯಾಗುತ್ತವೆ. ಆದರೆ ಮನೆ ಬಿಟ್ಟು ಅಡ್ವಾನ್ಸ್ ಹಣ ಕೈಗೆ ಬರುವವರೆಗೂ ಅವನ್ನು, ಮನೆಗೆ ಬಂದ ದಿನ ಗೋಡೆ, ನಲ್ಲಿಗಳ ಸ್ಥಿತಿಯನ್ನು ತೆಗೆದ ಫೋಟೋಗಳ ಜೊತೆಗೆ ಜೋಪಾನವಾಗಿ ಇಡಬೇಕು. ಅಂಗಡಿಯ ಯಂತ್ರದಿಂದ ಬರುವ ನುಣುಪಾದ ಬಿಲ್ಲುಗಳು ಶಾಖಕ್ಕೆ ಅಚ್ಚಾಗುವ ಕಾಗದದವು. ಕೆಲವು ತಿಂಗಳಲ್ಲೇ ಅಕ್ಷರ ಮಾಸುತ್ತದೆ, ಲ್ಯಾಮಿನೇಷನ್ ಮಾಡಿಸಲು ಹೋದರೆ ಆ ಬಿಸಿಗೆ ಇಡೀ ಹಾಳೆಯೇ ಕಪ್ಪಾಗುತ್ತದೆ. ಆದ್ದರಿಂದ ವಾರಂಟಿ ಇರುವ ಸಾಮಾನಿನ ಬಿಲ್ಲನ್ನು ಕೊಂಡ ದಿನವೇ ಫೋಟೋ ತೆಗೆದುಕೊಳ್ಳಬೇಕು. ಅಂಕಪಟ್ಟಿ, ಕ್ರಯಪತ್ರಗಳಂಥ ಮೂಲ ದಾಖಲೆಗಳಿಗೂ ಲ್ಯಾಮಿನೇಷನ್ ಬೇಡ, ಪಾರದರ್ಶಕ ಹಾಳೆಯ ಫೈಲು ಸಾಕು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಚಾಲನಾ ಪರವಾನಗಿ, ವಾಹನದ ಆರ್‌ಸಿ ಮುಂತಾದವು ಮಾನ್ಯ ರೂಪದಲ್ಲಿ ದೊರೆಯುವುದರಿಂದ ಅವುಗಳ ಹತ್ತಾರು ಜೆರಾಕ್ಸ್ ಪ್ರತಿಗಳನ್ನು ಮನೆ ತುಂಬ ಇಡುವ ಅಗತ್ಯವಿಲ್ಲ. ಎಸೆಯುವ ಪ್ರತಿಗಳಲ್ಲಿ ಆಧಾರ್, ಖಾತೆ ಸಂಖ್ಯೆಗಳಿರುವ ಭಾಗವನ್ನು ಹರಿದುಹಾಕುವುದನ್ನು ಮರೆಯಬಾರದು. ಗುಜರಿಗೆ ಹೋದ ಕಾಗದ ಬೋಂಡದ ಪೊಟ್ಟಣವಾಗಿ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು.

ಇನ್ನು ಕೆಲಸದ ಮೇಜು. ಪ್ರತ್ಯೇಕ ಮೇಜಿದ್ದವರು ಅದರ ಮೇಲೆ ಲ್ಯಾಪ್‌ಟಾಪು, ಒಂದು ಟಿಪ್ಪಣಿ ಪುಸ್ತಕ, ಒಂದು ಪೆನ್ನು, ನೀರಿನ ಬಾಟಲಿ ಬಿಟ್ಟು ಆ ದಿನದ ಕೆಲಸಕ್ಕೆ ಬೇಡದ ಏನನ್ನೂ ಇಡದಿರುವುದು ಒಳ್ಳೆಯದು. ಊಟದ ಮೇಜನ್ನೇ ಕಚೇರಿ ಮಾಡಿಕೊಂಡವರ ಪಾಡು ಬೇರೆ: ಅವರ ಕಚೇರಿ ದಿನಕ್ಕೆರಡು ಸಲ ಎದ್ದುಹೋಗಬೇಕು. ಅಂಥವರು ಅಗಲವಾದ ಒಂದು ಟ್ರೇಯನ್ನೋ ಗಟ್ಟಿ ಚೀಲವನ್ನೋ ಇಟ್ಟುಕೊಂಡು, ಮೌಸು, ಹೆಡ್‌ಫೋನು, ಚಾರ್ಜರು, ಪುಸ್ತಕ ಎಲ್ಲವನ್ನೂ ಅದರಲ್ಲೇ ಇಟ್ಟರೆ, ತಟ್ಟೆ ಹಾಕುವ ಹೊತ್ತಿಗೆ ಇಡೀ ಕಚೇರಿಯನ್ನು ಒಂದೇ ಸಲಕ್ಕೆ ಎತ್ತಿ ಬೀರುವಿನೊಳಗೆ ಇಡಬಹುದು. ವೈರುಗಳಿಗೆ ಮೂರು ಉಪಾಯ ಸಾಕು. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದಿಂದ ಎತ್ತಿ ಮೇಜಿನ ಕಾಲಿಗೆ ಬಿಗಿಯಬೇಕು. ಅದರಿಂದ ನೆಲ ಒರೆಸುವ ನೀರು ತಾಗುವ ಅಪಾಯವೂ ತಪ್ಪುತ್ತದೆ. ಹೆಚ್ಚಿನ ಉದ್ದವನ್ನು ಸಡಿಲವಾಗಿ ಸುತ್ತಿ ವೆಲ್ಕ್ರೋ ಪಟ್ಟಿಯಿಂದ ಕಟ್ಟಬೇಕು. ಬಿಗಿಯಾಗಿ ಮಡಿಸಿದರೆ ವೈರು ಒಳಗೇ ಮುರಿಯುತ್ತದೆ. ಪ್ರತಿ ಅಡಾಪ್ಟರಿಗೂ ಬಿಳಿ ಟೇಪು ಅಂಟಿಸಿ ಅದು ಯಾವ ಯಂತ್ರದ್ದೆಂದು ಬರೆಯಬೇಕು, ಏಕೆಂದರೆ ಒಂದೇ ಬಗೆಯ ಪಿನ್ನಿದ್ದರೂ ವೋಲ್ಟೇಜು ಬೇರೆಯಿರಬಹುದು. ಕೀಲಿಮಣೆಯನ್ನು ಯಂತ್ರ ಆರಿಸಿ, ತಲೆಕೆಳಗು ಮಾಡಿ, ಮೃದುವಾದ ಕುಂಚದಿಂದ ಧೂಳು ಕೊಡವಬೇಕು. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ ಹಚ್ಚುವವರು ಅದನ್ನು ಮುಚ್ಚಿ ಹೊರಮೈಗೆ ಹಚ್ಚಿದರೆ ದೇವರು ಬೇಸರ ಮಾಡಿಕೊಳ್ಳಲಾರ.

ಇಷ್ಟಾದ ಮೇಲೆ ಉಳಿಸಿಕೊಳ್ಳುವುದಕ್ಕೆ ಬೇಕಾದ ಶ್ರಮ ಕಡಿಮೆ. ಕೆಲಸ ಮುಗಿದ ಕೂಡಲೇ ಮೇಜಿನ ಮೇಲಿನ ಲೋಟಗಳು ಸಿಂಕಿಗೆ ಹೋಗಬೇಕು, ಕಾಗದಗಳು ಫೈಲಿಗೆ ಇಲ್ಲವೇ ಕಸಕ್ಕೆ ಹೋಗಬೇಕು. ಮಲಗುವ ಮುನ್ನ ಹತ್ತು ನಿಮಿಷ, ಮನೆಯವರೆಲ್ಲ ಸೇರಿ, ದಾರಿ ತಪ್ಪಿದ ಸಾಮಾನುಗಳನ್ನು ಅವುಗಳ ಜಾಗಕ್ಕೆ ಮುಟ್ಟಿಸಬೇಕು. ವಾರದ ಸ್ವಚ್ಛತೆ ಮೇಲಿಂದ ಕೆಳಕ್ಕೆ ಸಾಗಬೇಕು. ಗುಡಿಸಿದ ಮೇಲೆ ಫ್ಯಾನು ಒರೆಸಿದರೆ ಮತ್ತೆ ಗುಡಿಸಬೇಕಾಗುತ್ತದೆ. ಹಳೆಯ ದಿಂಬಿನ ಗವಸನ್ನು ಫ್ಯಾನಿನ ರೆಕ್ಕೆಗೆ ತೊಡಿಸಿ ಎರಡೂ ಕಡೆಯಿಂದ ಒತ್ತಿ ಎಳೆದರೆ ಧೂಳೆಲ್ಲ ಗವಸಿನೊಳಗೇ ಉಳಿಯುತ್ತದೆ, ಹಾಸಿಗೆಯ ಮೇಲೆ ಬೀಳುವುದಿಲ್ಲ.

ಈ ಕ್ರಮವನ್ನು ಇನ್ನೊಬ್ಬರ ವಸ್ತುಗಳಿಗೆ ಅವರಿಲ್ಲದಾಗ ಅನ್ವಯಿಸಬಾರದು. ಅತ್ತೆಯವರ ಹಿತ್ತಾಳೆ ಪಾತ್ರೆ, ಅಪ್ಪನ ಹಳೆಯ ಡೈರಿಗಳ ಬಗ್ಗೆ ಅವರನ್ನೇ ಕೂರಿಸಿಕೊಂಡು ಕೇಳಬೇಕು. ಬಹಳ ಸಲ ಅವರೇ 'ಇದು ಬೇಡ, ಕೊಟ್ಟುಬಿಡು' ಎನ್ನುತ್ತಾರೆ, ಬೇಕೆಂದದ್ದಕ್ಕೆ ಒಂದು ಅಂತಸ್ತು ಬಿಟ್ಟುಕೊಡಬೇಕು. ಮಕ್ಕಳ ಆಟಿಕೆಗಳಿಗೆ ಮುಚ್ಚಳವಿಲ್ಲದ ಅಗಲವಾದ ಬುಟ್ಟಿಯನ್ನು ನೆಲದ ಮೇಲೇ ಇಡಿ. ಮುಚ್ಚಳ ತೆರೆದು, ವಿಂಗಡಿಸಿ, ಮೇಲಿನ ಅಂತಸ್ತಿಗೆ ಇಡಬೇಕೆಂದರೆ ಐದು ವರ್ಷದ ಮಗು ಅದನ್ನು ಮಾಡುವುದಿಲ್ಲ. ಬುಟ್ಟಿಗೆ ಎಸೆಯುವುದಾದರೆ ಅದಕ್ಕದೇ ಆಟ.